ಹಿಮದ ಬೆಟ್ಟ: ಹತ್ತಿದ್ದಾಯಿತು, ಇಳಿಯುವುದು ಹೇಗೆ?

ಅವಾಲಿ, ಬಹರೈನ್: ಹಿಮದ ಬೆಟ್ಟದ ಬಗ್ಗೆ ಬರೆಯಲು ಅವಾಲಿಗಿಂತ ವಿಚಿತ್ರವಾದ ಜಾಗ ಇನ್ನೊಂದು ಇರಲಿಕ್ಕಿಲ್ಲ! ಅರಬ್ಬಿ ಭಾಷೆಯಲ್ಲಿ 'ಅವಾಲಿ' ಎಂದರೆ ಎತ್ತರದ ಜಾಗ ಎಂದರ್ಥ. ಆ ಎತ್ತರವಾದರೂ ಎಷ್ಟು? ಪಕ್ಕದಲ್ಲಿರುವ ಜಬಲ್ ಅಲ್ ದುಖಾನ್ ಈ ದೇಶದಲ್ಲೇ ಅತಿ ಎತ್ತರದ ಬೆಟ್ಟ, ಸುಮಾರು 134 ಮೀಟರ್. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಇದು ಲೆಕ್ಕಕ್ಕೇ ಇಲ್ಲ. ಅದರ ಬುಡದಲ್ಲಿ 1932ರಲ್ಲಿ ಎಣ್ಣೆ ಸಿಕ್ಕಿತು, ಎಣ್ಣೆಯಿಂದ ಈ ಊರು ಹುಟ್ಟಿತು.

ಇಲ್ಲಿ ಹಿಮ ಬೀಳುವುದಿಲ್ಲ, ಆದರೆ ಹಿಮದ ಹುಚ್ಚು ಮಾತ್ರ ನಮ್ಮವರಿಗೆ ಚೆನ್ನಾಗಿಯೇ ಹಿಡಿದಿದೆ. ಚಳಿಗಾಲ ಬಂತೆಂದರೆ ಸಖೀರ್ ಮರುಭೂಮಿಯಲ್ಲಿ ಗುಡಾರಗಳು ಏಳುತ್ತವೆ. ನಮ್ಮ ಕುಟುಂಬಗಳೂ ವಾರಾಂತ್ಯಕ್ಕೆ ಚಾಪೆ, ಕಂಬಳಿ, ಬಿಸಿಬೇಳೆಬಾತಿನ ಡಬ್ಬಿ ಹೊತ್ತು ಹೋಗಿ ಒಂದು ರಾತ್ರಿ ಕಳೆದು ಬರುತ್ತವೆ. ಹೀಗೆ ಗುಡಾರದ ರುಚಿ ಕಂಡ ಮಕ್ಕಳು ಈಗ ಕಾಲೇಜು, ಕೆಲಸ ಎಂದು ಬೆಳೆದು ನಿಂತಿದ್ದಾರೆ. ರಜೆಗೆ ಊರಿಗೆ ಹೋದಾಗ ಅಜ್ಜಿ ಮನೆಯಲ್ಲಿ ನಾಲ್ಕು ದಿನ ಇದ್ದು, ಉಳಿದ ದಿನಗಳಿಗೆ ಉತ್ತರಾಖಂಡಕ್ಕೋ ಹಿಮಾಚಲಕ್ಕೋ ಓಡುತ್ತಾರೆ. ಈಗೀಗ ಇನ್ನೊಂದು ಹಂಬಲವೂ ಸೇರಿಕೊಂಡಿದೆ: ಒಬ್ಬರೇ ಹೋಗಿ, ಹಿಮದ ಮೇಲೆ ಒಬ್ಬರೇ ಗುಡಾರ ಹಾಕಿ, ಎರಡು ರಾತ್ರಿ ಕಳೆದು ಇಳಿದು ಬರುವುದು.

ಅಂಥ ಒಬ್ಬ ಹುಡುಗನ ತಾಯಿ, ಚಾರಣದ ಅಭ್ಯಾಸವಿರುವ ನಮ್ಮ ನಾಲ್ಕಾರು ಜನರನ್ನು ಕಂಡು "ಇವನಿಗೆ ನೀವಾದರೂ ಸ್ವಲ್ಪ ಹೇಳಿ ಅಣ್ಣಾ" ಎಂದರು. ಹುಡುಗ ನಗುತ್ತಾ ಹೇಳಿದ: "ಅಂಕಲ್, ಕಷ್ಟ ಇರೋದೆಲ್ಲ ಹತ್ತೋದ್ರಲ್ಲಿ. ಇಳಿಯೋದೇನು, ಕಾಲು ತಾನಾಗೇ ಇಳಿಯತ್ತೆ." ಇದು ಅವನೊಬ್ಬನ ಮಾತಲ್ಲ, ಬೆಟ್ಟಕ್ಕೆ ಹೊರಡುವ ಹೆಚ್ಚಿನವರ ಮನಸ್ಸಿನಲ್ಲಿರುವುದೂ ಇದೇ. ನಾವು ಹತ್ತುವುದಕ್ಕೆ ತಿಂಗಳುಗಟ್ಟಲೆ ತಯಾರಿ ಮಾಡುತ್ತೇವೆ, ಇಳಿಯುವುದನ್ನು ದಾರಿಗೇ ಬಿಟ್ಟುಬಿಡುತ್ತೇವೆ. ಹಾಗೆ ಬಿಡಬಾರದು ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

2024ರ ಜೂನ್ ಮೊದಲ ವಾರ ನಿಮಗೆ ನೆನಪಿರಬಹುದು. ಲೋಕಸಭಾ ಚುನಾವಣೆಯ ಫಲಿತಾಂಶ ಬಂದ ವಾರ ಅದು. ಎಲ್ಲರೂ ಸೀಟುಗಳ ಲೆಕ್ಕದಲ್ಲಿ ಮುಳುಗಿದ್ದಾಗ ಉತ್ತರಕಾಶಿಯಿಂದ ಬೇರೊಂದು ಸುದ್ದಿ ಬಂತು. ಬೆಂಗಳೂರಿನ ಕರ್ನಾಟಕ ಮೌಂಟೆನಿಯರಿಂಗ್ ಅಸೋಸಿಯೇಷನ್ ಏರ್ಪಡಿಸಿದ್ದ ಚಾರಣದಲ್ಲಿ, ಸ್ಥಳೀಯ ಮಾರ್ಗದರ್ಶಕರೂ ಸೇರಿ 22 ಜನರ ತಂಡ ಮೇ 29ರಂದು ಸಹಸ್ತ್ರತಾಲ್ ಕಡೆಗೆ ಹೊರಟಿತ್ತು. ಉತ್ತರಕಾಶಿ ಮತ್ತು ಟೆಹ್ರಿ ಜಿಲ್ಲೆಗಳ ಗಡಿಯಲ್ಲಿ, ನಾಲ್ಕು ಸಾವಿರ ಮೀಟರಿಗೂ ಮಿಕ್ಕಿದ ಎತ್ತರದಲ್ಲಿರುವ ಸರೋವರಗಳ ತಾಣ ಅದು. ಜೂನ್ 3ರಂದು ಸರೋವರ ನೋಡಿ ಶಿಬಿರಕ್ಕೆ ಮರಳುತ್ತಿದ್ದಾಗ ಹಿಮಗಾಳಿ ಎದ್ದಿತು. ಎದುರಿನ ದಾರಿ ಕಾಣದಾಯಿತು. ಒಂಬತ್ತು ಮಂದಿ ಅಲ್ಲೇ ಪ್ರಾಣ ಬಿಟ್ಟರು. ಉಳಿದ ಹದಿಮೂರು ಮಂದಿಯನ್ನು ರಾಜ್ಯ ವಿಪತ್ತು ಪಡೆ ಮತ್ತು ವಾಯುಪಡೆಯ ಹೆಲಿಕಾಪ್ಟರ್‌ಗಳ ಕಾರ್ಯಾಚರಣೆಯಲ್ಲಿ ಕೆಳಗೆ ತರಲಾಯಿತು. ಕರ್ನಾಟಕ ಸರ್ಕಾರ ಸಚಿವ ಕೃಷ್ಣ ಬೈರೇಗೌಡರನ್ನು ಡೆಹ್ರಾಡೂನ್‌ಗೆ ಕಳಿಸಿತ್ತು.

ಯಾರದು ತಪ್ಪು ಎಂದು ಇಲ್ಲಿ ತಂಪಾದ ಕೋಣೆಯಲ್ಲಿ ಕುಳಿತು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಮೂರು ಸಂಗತಿಗಳನ್ನು ಗಮನಿಸಿ. ಅದು ಜೂನ್ ತಿಂಗಳು, ಚಳಿಗಾಲವಲ್ಲ. ಅವರು ಒಬ್ಬೊಬ್ಬರಾಗಿ ಹೋಗಿರಲಿಲ್ಲ. ತಂಡದಲ್ಲಿ ಅನುಭವಿಗಳಿದ್ದರು, ಮಾರ್ಗದರ್ಶಕರಿದ್ದರು. ಮತ್ತು ಅನಾಹುತ ಆದದ್ದು ಹತ್ತುವಾಗ ಅಲ್ಲ, ನೋಡಬೇಕಾದುದನ್ನು ನೋಡಿ ಮರಳುವಾಗ. ಇಷ್ಟೆಲ್ಲ ಇದ್ದವರಿಗೇ ಹೀಗಾದರೆ, ಡಿಸೆಂಬರಿನಲ್ಲಿ ಒಬ್ಬನೇ ಹೋಗುವವನ ಗತಿ ಏನು ಎಂದು ಆ ತಾಯಿ ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ.

ಇಳಿಯುವಾಗಲೇ ಏಕೆ? ಮೊದಲನೆಯದು ಮೈಬಿಸಿಯ ಲೆಕ್ಕ. ಬೆಟ್ಟ ಹತ್ತುವಾಗ ನಮ್ಮ ಸ್ನಾಯುಗಳು ಒಲೆಯ ಹಾಗೆ ಉರಿಯುತ್ತವೆ. ಸೊನ್ನೆ ಡಿಗ್ರಿ ಚಳಿಯಲ್ಲೂ ಬೆವರು ಬರುತ್ತದೆ, ಜಾಕೆಟ್ ತೆಗೆಯಬೇಕೆನಿಸುತ್ತದೆ. ಇಳಿಯುವಾಗ ಅದೇ ದೇಹಕ್ಕೆ ಕೆಲಸ ಬಹಳ ಕಡಿಮೆ, ಆದ್ದರಿಂದ ಹುಟ್ಟುವ ಬಿಸಿಯೂ ಕಡಿಮೆ. ಮೈಮೇಲೆ ಹತ್ತುವಾಗ ಬೆವೆತು ಒದ್ದೆಯಾದ ಬನಿಯನ್ ಹಾಗೇ ಇದೆ. ಅಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಹಿಮಾಲಯದಲ್ಲಿ ಬೆಳಿಗ್ಗೆ ಶುಭ್ರವಾಗಿದ್ದ ಆಕಾಶ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುವುದು ದಿನನಿತ್ಯದ ಮಾತು. ಒಲೆ ಆರುವ ಹೊತ್ತು, ಬಟ್ಟೆ ಒದ್ದೆ ಇರುವ ಹೊತ್ತು, ಗಾಳಿ ಏಳುವ ಹೊತ್ತು, ಮೂರೂ ಒಂದೇ ಗಳಿಗೆಯಲ್ಲಿ ಕೂಡಿ ಬರುತ್ತವೆ.

ಗಾಳಿಯ ಪಾತ್ರ ನಮಗೆ ಇಲ್ಲಿ ಅಷ್ಟಾಗಿ ಅರ್ಥವಾಗುವುದಿಲ್ಲ. ಶಮಾಲ್ ಗಾಳಿ ಬೀಸಿದರೆ ನಮ್ಮ ಚಿಂತೆ ಧೂಳಿನದು. ಎತ್ತರ ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಉತ್ತರಕಾಶಿ ಪಟ್ಟಣ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ 25 ಡಿಗ್ರಿ ಇದ್ದು ಜನ ಐಸ್‌ಕ್ರೀಂ ತಿನ್ನುತ್ತಿದ್ದರೆ, ಅದೇ ಹೊತ್ತಿಗೆ 4,400 ಮೀಟರಿನಲ್ಲಿ ನಾಲ್ಕು ಡಿಗ್ರಿ ಇರಬಹುದು. ಇದು ಗಾಳಿ ಇಲ್ಲದಿದ್ದಾಗಿನ ಲೆಕ್ಕ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು ಮೈನಸ್ 7. ಮೈನಸ್ 10ರಲ್ಲಿ 50 ಕಿಲೋಮೀಟರ್ ವೇಗದ ಗಾಳಿಯಾದರೆ ಮೈನಸ್ 22. ಈ ಲೆಕ್ಕಗಳೂ ಒಣ ಬಟ್ಟೆಯವರಿಗೆ. ಹತ್ತಿ ಬಟ್ಟೆ ಊರಿನ ಸೆಕೆಗೆ ಅಮೃತ, ಹಿಮಕ್ಕೆ ವಿಷ. ಒಮ್ಮೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಬಿಸಿಯನ್ನು ಹೀರುತ್ತಲೇ ಇರುತ್ತದೆ. ಮೈಗೆ ತಾಗುವ ಬಟ್ಟೆ ಉಣ್ಣೆಯದೋ ಪಾಲಿಯೆಸ್ಟರಿನದೋ ಇರಲಿ, ಅದರ ಮೇಲೆ ಬೆಚ್ಚನೆಯದು, ಅದರ ಮೇಲೆ ಗಾಳಿ ನೀರು ತಡೆಯುವುದು. ಮುಖ್ಯವಾಗಿ, ಇಳಿಯಲು ಆರಂಭಿಸುವ ಮೊದಲು ಒಳಗಿನ ಒದ್ದೆ ಬಟ್ಟೆ ಬದಲಿಸಲು ಒಂದು ಒಣ ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟುಕೊಳ್ಳಿ. ತುದಿಯಲ್ಲಿ ಫೋಟೋ ತೆಗೆಯುವ ಮೊದಲು ಬನಿಯನ್ ಬದಲಿಸಿ ಎಂದರೆ ಎಲ್ಲರೂ ನಗುತ್ತಾರೆ. ನಗಲಿ ಬಿಡಿ.

ಎರಡನೆಯದು ತೊಡೆಯ ಸ್ನಾಯುಗಳು. ಹತ್ತುವಾಗ ಅವು ಕುಗ್ಗುತ್ತಾ ದೇಹವನ್ನು ಮೇಲೆತ್ತುತ್ತವೆ. ಇಳಿಯುವಾಗ ಉದ್ದವಾಗುತ್ತಾ, ಅಂದರೆ ಎಳೆತದಲ್ಲಿದ್ದುಕೊಂಡೇ, ಬ್ರೇಕಿನಂತೆ ಭಾರವನ್ನು ತಡೆಯುತ್ತವೆ. ಉಸಿರು ಬಿಗಿಹಿಡಿಯುವುದಿಲ್ಲ, ಆದ್ದರಿಂದ ದಣಿವು ತಿಳಿಯುವುದಿಲ್ಲ. ಆದರೆ ಈ ಎಳೆತದಲ್ಲಿ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ಕುಮಾರ ಪರ್ವತದಿಂದ ಕುಕ್ಕೆಗೆ ಇಳಿದ ಮರುದಿನ ಮಂಚದಿಂದ ಏಳಲಾಗದೆ ನರಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲ್ಪ್ಸ್ ಪರ್ವತಗಳಲ್ಲಿ ನಡೆದ ಅಧ್ಯಯನಗಳಲ್ಲೂ ಚಾರಣಿಗರು ಬೀಳುವುದು ಹೆಚ್ಚಾಗಿ ಇಳಿಯುವಾಗಲೇ ಎಂದು ಕಂಡುಬಂದಿದೆ. ಬ್ರೇಕ್ ಸವೆದ ಕಾಲು ಒಣ ನೆಲದಲ್ಲಿ ನಡುಗಿದರೆ ಹೇಗೋ ನಡೆದೀತು, ಹಿಮದ ಇಳಿಜಾರಿನಲ್ಲಿ ನಡುಗಿದರೆ ಜಾರಿ ನಿಲ್ಲುವುದು ಎಲ್ಲೋ!

ಇದಕ್ಕೊಂದು ಅಗ್ಗದ ಉಪಾಯ ನಮ್ಮ ಬಹರೈನಿನಲ್ಲೇ ಇದೆ. ಬೆಟ್ಟ ಇಲ್ಲದಿದ್ದರೇನು, ಜುಫೇರ್‌ನಲ್ಲಿ ಎತ್ತರದ ಕಟ್ಟಡಗಳಿಗೆ ಬರವಿಲ್ಲ. ಎಲ್ಲರೂ ವ್ಯಾಯಾಮಕ್ಕೆಂದು ಮೆಟ್ಟಿಲು ಹತ್ತಿ ಲಿಫ್ಟಿನಲ್ಲಿ ಇಳಿಯುತ್ತಾರೆ. ನೀವು ಲಿಫ್ಟಿನಲ್ಲಿ ಹತ್ತಿ ಮೆಟ್ಟಿಲಿನಲ್ಲಿ ಇಳಿಯಿರಿ! ಹೀಗೆ ಇಳಿದ ಸ್ನಾಯುಗಳು ಆ ಪೆಟ್ಟನ್ನು ನೆನಪಿಟ್ಟುಕೊಳ್ಳುತ್ತವೆ, ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟಾಗಿ ನೋಯುವುದಿಲ್ಲ. ಪ್ರಯಾಣಕ್ಕೆ ತಿಂಗಳ ಮೊದಲಿನಿಂದ ವಾರಕ್ಕೆರಡು ಸಲ, ಬೆನ್ನಿಗೆ ಚೀಲ ಹಾಕಿಕೊಂಡು, ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋದರೆ ಸಾಕು. ಕಾವಲುಗಾರ ವಿಚಿತ್ರವಾಗಿ ನೋಡಿದರೆ ಒಂದು ಸಲಾಂ ಹೇಳಿ ಮುಂದೆ ಹೋಗಿ.

ಮೂರನೆಯದು ದಾರಿ. ಹತ್ತಿದ ದಾರಿಯಲ್ಲೇ ಇಳಿಯುವುದು ತಾನೇ, ತಪ್ಪುವುದು ಹೇಗೆ ಎಂದು ಕೇಳುತ್ತಾರೆ. ನಮ್ಮಲ್ಲಿ ಹಲವರು ಕಂಪ್ಯೂಟರಿನ ಕೆಲಸದವರಾದ್ದರಿಂದ ಅದೇ ಭಾಷೆಯಲ್ಲಿ ಹೇಳುತ್ತೇವೆ. ಬೆಟ್ಟವೆಂದರೆ ಒಂದು 'ಟ್ರೀ'. ತುದಿಯೇ ಅದರ ಬೇರು, ಕೆಳಗಿನ ಹಳ್ಳಿಗಳು ಅದರ ಎಲೆಗಳು. ಎಲೆಯಿಂದ ಬೇರಿಗೆ ಹೋಗುವ ದಾರಿ ಯಾವಾಗಲೂ ಒಂದೇ. ಯಾವ ಏಣು ಹಿಡಿದು ಹತ್ತಿದರೂ ಅದು ಹೋಗಿ ದೊಡ್ಡ ಏಣನ್ನೇ ಸೇರುತ್ತದೆ, ಕೊನೆಗೆ ತುದಿಯನ್ನೇ ಮುಟ್ಟುತ್ತದೆ. ಆದರೆ ಬೇರಿನಿಂದ ಎಲೆಗೆ ಬರುವಾಗ ಪ್ರತಿ ಕವಲಿನಲ್ಲೂ ಒಂದು ಆಯ್ಕೆ ಇದೆ. ಒಂದು ಕವಲು ತಪ್ಪಿದರೆ ಇಳಿದು ಸೇರುವುದು ಬೇರೆಯೇ ಕಣಿವೆ. ಅಲ್ಲಿ ಹಳ್ಳಿಯೂ ಇಲ್ಲ, ಹುಡುಕುವವರೂ ಇಲ್ಲ. ಹತ್ತುವಾಗ ಕವಲುಗಳು ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ಅವು ನಮ್ಮ ಬೆನ್ನ ಹಿಂದೆ ಬಂದು ಸೇರಿಕೊಂಡಿರುತ್ತವೆ. ಆದ್ದರಿಂದ ಹತ್ತುವಾಗಲೇ ಅರ್ಧ ಗಂಟೆಗೊಮ್ಮೆ ನಿಂತು ಹಿಂದಿರುಗಿ ನೋಡಬೇಕು. ಬಂಡೆ, ಒಣ ಮರ, ಹಳ್ಳ, ಯಾವುದಾದರೊಂದು ಗುರುತನ್ನು ಇಳಿಯುವವನ ಕಣ್ಣಿನಿಂದ ನೋಡಿ ಫೋಟೋ ತೆಗೆದುಕೊಳ್ಳಬೇಕು. ನಿನ್ನೆಯ ಹೆಜ್ಜೆಗುರುತನ್ನು ನಂಬಿದರೆ ಆಗುವುದಿಲ್ಲ. ರಾತ್ರಿ ಹೊಸ ಹಿಮ ಬಿದ್ದರೆ ಅದು ಮುಚ್ಚಿಹೋಗುತ್ತದೆ, ಬೀಳದಿದ್ದರೆ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ ಗಾಜಿನ ಗುಂಡಿಯಾಗಿರುತ್ತದೆ.

ಜಿಪಿಎಸ್ ಇದೆಯಲ್ಲ ಎಂಬುದು ಮುಂದಿನ ಪ್ರಶ್ನೆ. ಇದೆ, ಅಂತರಜಾಲ ಇಲ್ಲದೆಯೂ ಕೆಲಸ ಮಾಡುವ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಬಹಳ ಉಪಯೋಗವೂ ಇದೆ. ಆದರೆ ಮೊಬೈಲಿನ ಲಿಥಿಯಂ ಬ್ಯಾಟರಿಗೆ ಚಳಿ ಆಗದು. 40 ಶೇಕಡಾ ತೋರಿಸುತ್ತಿದ್ದದ್ದು ಹಿಮಗಾಳಿಯಲ್ಲಿ ಹೊರತೆಗೆದ ಎರಡೇ ನಿಮಿಷಕ್ಕೆ ಆರಿಹೋಗಬಹುದು. ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳಿ, ಹಗಲು ಒಳಜೇಬಿನಲ್ಲಿಡಿ. ಜೊತೆಗೆ ಒಂದು ಕಾಗದದ ನಕ್ಷೆ ಮತ್ತು ದಿಕ್ಸೂಚಿ ಇರಲಿ. ಎಲ್ಲವನ್ನೂ ಒಂದೇ ಸರ್ವರಿನ ಮೇಲೆ ಇಡಬಾರದೆಂದು ಕಚೇರಿಯಲ್ಲಿ ಭಾಷಣ ಮಾಡುವ ನಾವು ಬೆಟ್ಟಕ್ಕೆ ಒಂದೇ ಮೊಬೈಲ್ ಹಿಡಿದು ಹೋಗುತ್ತೇವೆ, ನೋಡಿ!

ಇನ್ನು ಹಿಮದ ಸ್ವಭಾವ. ಕನ್ನಡದಲ್ಲಿ ಇಬ್ಬನಿ, ಕಾವಳ, ಹಿಮ ಎಲ್ಲಕ್ಕೂ 'ಮಂಜು' ಎಂದೇ ಹೇಳಿ ಮುಗಿಸುವುದುಂಟು, ನಮ್ಮ ನಾಡಿಗೆ ಅಷ್ಟು ಸಾಕು. ಹಿಮದ ನಾಡಿನಲ್ಲಿ ಒಂದೇ ಇಳಿಜಾರು ಒಂದೇ ದಿನದಲ್ಲಿ ಮೂರು ರೂಪ ತಾಳುತ್ತದೆ. ಮುಂಜಾನೆ ಕಲ್ಲಿನಂತೆ ಗಟ್ಟಿ. ಬೂಟು ಊರುವುದಿಲ್ಲ, ಅಡಿಗೆ ಮುಳ್ಳಿನ ಸರಪಳಿ ಕಟ್ಟಲೇಬೇಕು. ಬಿಸಿಲು ಏರಿದ ಮೇಲೆ ಮೇಲ್ಪದರ ಸ್ವಲ್ಪ ಮೆತ್ತಗಾಗಿ ಹಿಮ್ಮಡಿ ಚೆನ್ನಾಗಿ ಊರುತ್ತದೆ. ಇಳಿಯಲು ಅದೇ ಒಳ್ಳೆಯ ಹೊತ್ತು. ಮಧ್ಯಾಹ್ನದ ನಂತರ ಮೊಳಕಾಲು, ಸೊಂಟದ ತನಕ ಕುಸಿಯುತ್ತದೆ. ಹಳ್ಳಗಳ ಮೇಲಿನ ಹಿಮದ ಸೇತುವೆ ತೆಳುವಾಗುತ್ತದೆ, ಅಡಿಯಲ್ಲಿ ನೀರು ಉಬ್ಬುತ್ತದೆ. ಬೆಳಿಗ್ಗೆ ಆರಾಮವಾಗಿ ದಾಟಿದ ಜಾಗವನ್ನು ಸಂಜೆ ನಾಲ್ಕಕ್ಕೆ ದಾಟಲಾಗುವುದಿಲ್ಲ. ಇಳಿಯುವಾಗ ಹಿಮ್ಮಡಿಯನ್ನು ಮೊದಲು ಊರಿ, ಮೊಣಕಾಲನ್ನು ಸ್ವಲ್ಪ ಬಗ್ಗಿಸಿ, ಭಾರವನ್ನು ಮುಂದಕ್ಕೆ ಇಡಬೇಕು. ಹೆದರಿಕೆಯಿಂದ ಹಿಂದಕ್ಕೆ ಬಾಗಿದರೆ ಕಾಲು ಮುಂದೆ ಓಡಿ ಬೆನ್ನಡಿಯಾಗಿ ಬೀಳುತ್ತೀರಿ. ಕೋಲುಗಳನ್ನು ಹತ್ತುವಾಗಿನದಕ್ಕಿಂತ ಸ್ವಲ್ಪ ಉದ್ದ ಮಾಡಿಕೊಳ್ಳಿ. ಕೆಲವರು ಕುಳಿತು ಜಾರುಬಂಡಿಯ ಹಾಗೆ ಜಾರುತ್ತಾರೆ. ಕೆಳಗೆ ಏನಿದೆ ಎಂದು ಕಾಣದಲ್ಲಿ ಅದು ಸಲ್ಲದು. ಬೂಟಿಗೆ ಮುಳ್ಳು ಕಟ್ಟಿಕೊಂಡು ಜಾರುವುದಂತೂ ಕಾಲು ಮುರಿದುಕೊಳ್ಳುವ ಖಚಿತ ದಾರಿ. ಮುಳ್ಳು ಸಿಕ್ಕಿಕೊಂಡರೆ ದೇಹ ಮುಂದೆ ಹೋಗುತ್ತದೆ, ಪಾದ ಅಲ್ಲೇ ಉಳಿಯುತ್ತದೆ. ಕಪ್ಪು ಕನ್ನಡಕ ಮರೆಯಬೇಡಿ, ಮರುಭೂಮಿಯ ಮರಳಿಗಿಂತ ಹೊಸ ಹಿಮ ಎಷ್ಟೋ ಪಾಲು ಹೆಚ್ಚು ಬೆಳಕನ್ನು ಕಣ್ಣಿಗೆ ತೂರುತ್ತದೆ.

ತಿನ್ನುವುದರ ಬಗ್ಗೆ ಒಂದೇ ಮಾತು. ಶೇಂಗಾ ಚಿಕ್ಕಿ, ಕೊಬ್ಬರಿ ಬೆಲ್ಲ, ಖರ್ಜೂರ ಚೆನ್ನಾಗಿ ಆಗುತ್ತದೆ. ಆದರೆ ಚಿಕ್ಕಿಯನ್ನು ಮನೆಯಲ್ಲೇ ಸಣ್ಣ ಚೂರು ಮಾಡಿ ಜೇಬಿಗೆ ಹಾಕಿಕೊಳ್ಳಿ. ಚಳಿಗೆ ಅದು ಕಲ್ಲಾಗುತ್ತದೆ, ಕೈಗವಸು ಹಾಕಿದ ಕೈಯಲ್ಲಿ ಮುರಿಯಲಾಗುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ: ಒಬ್ಬನೇ ಇರುವವನಿಗೆ ಚಳಿ ಏನು ಮಾಡುತ್ತದೆ? ದೇಹದ ಒಳಗಿನ ಉಷ್ಣಾಂಶ ಸಾಮಾನ್ಯವಾಗಿ 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಅಂದರೆ ಎರಡೇ ಡಿಗ್ರಿಯ ಅಂತರ! ಮೊದಲು ಜೋರಾದ ನಡುಕ. ಆಮೇಲೆ ಬೆರಳು ಮಾತು ಕೇಳುವುದಿಲ್ಲ, ಜಿಪ್ಪು ಹಾಕಲಾಗುವುದಿಲ್ಲ. ನಾಲಿಗೆ ತೊದಲುತ್ತದೆ, ಕಾಲು ಎಡವುತ್ತದೆ. 32 ಡಿಗ್ರಿಗಿಂತ ಕೆಳಗೆ ನಡುಕವೇ ನಿಂತುಹೋಗುತ್ತದೆ. ಅದನ್ನು ಸುಧಾರಿಸಿದ ಲಕ್ಷಣ ಎಂದು ತಿಳಿಯಬಾರದು, ದೇಹ ಕೈಚೆಲ್ಲುತ್ತಿದೆ ಎಂದರ್ಥ. ಕೊನೆಯ ಹಂತದಲ್ಲಿ ಕೆಲವರಿಗೆ ಮೈಯೆಲ್ಲ ಸೆಕೆಯಾದಂತೆ ಅನಿಸಿ ಬಟ್ಟೆ ಕಳಚಿದ್ದೂ ಉಂಟು.

ಆದರೆ ಎಲ್ಲಕ್ಕಿಂತ ಮೊದಲು ಮಂಕಾಗುವುದು ತೀರ್ಮಾನ ಮಾಡುವ ಶಕ್ತಿ. ಜಾಕೆಟ್ ಚೀಲದಲ್ಲೇ ಇರುತ್ತದೆ, ತೆಗೆಯಬೇಕೆಂದು ತೋಚುವುದಿಲ್ಲ. ಚೀಲದಲ್ಲಿ ಗುಡಾರವೇ ಇದೆ, ಇಲ್ಲೇ ಹಾಕಿ ಗಾಳಿ ನಿಲ್ಲುವ ತನಕ ಒಳಗೆ ಕೂರೋಣ ಎಂದು ಹೊಳೆಯುವುದಿಲ್ಲ. ಜೊತೆಗೊಬ್ಬರಿದ್ದರೆ "ಯಾಕೋ, ಮಾತು ತೊದಲ್ತಿದೆ, ನಿಲ್ಲು" ಎನ್ನುತ್ತಾರೆ. ಒಬ್ಬನೇ ಇದ್ದರೆ ಕೆಟ್ಟುಹೋಗುತ್ತಿರುವ ತಲೆಯೇ ತಾನು ಕೆಟ್ಟಿದೆ ಎಂದು ಕಂಡುಹಿಡಿಯಬೇಕು. ಎತ್ತರದ ಕಾಯಿಲೆಯೂ ಹಾಗೆಯೇ. ಮಿದುಳಿಗೆ ನೀರು ತುಂಬಿದಾಗ ಕುಡಿದವನಂತೆ ನಡಿಗೆ ಓಲಾಡುತ್ತದೆ, ಅದು ಎದುರಿನವನಿಗೆ ಕಾಣುತ್ತದೆ, ತನಗೆ ಗೊತ್ತಾಗುವುದಿಲ್ಲ. ಒಂಟಿಯಾಗಿ ಹೋಗುವುದರ ಅಪಾಯ ಕರಡಿಯಲ್ಲ, ಕತ್ತಲೆಯಲ್ಲ, ಇದು. ನಮ್ಮ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇವೆ: ಹಿಮದ ಮೇಲೆ ಮೊದಲ ಸಲ ರಾತ್ರಿ ಕಳೆಯುವವರು ಒಬ್ಬರೇ ಹೋಗಬಾರದು. ಒಂಟಿತನವೇ ಬೇಕೆಂದರೆ ಮಾರ್ಗದರ್ಶಕರ ಗುಡಾರದಿಂದ ನೂರು ಹೆಜ್ಜೆ ದೂರದಲ್ಲಿ ನಿಮ್ಮ ಗುಡಾರ ಹಾಕಿ, ಸಾಕಷ್ಟು ಮೌನ ಸಿಗುತ್ತದೆ.

ಜೊತೆಗಾರರಲ್ಲಿ ಯಾರಿಗಾದರೂ ಈ ಲಕ್ಷಣ ಕಂಡರೆ ಗಾಳಿಗೆ ಮರೆ ಮಾಡಿ, ಒದ್ದೆ ಬಟ್ಟೆ ತೆಗೆದು ಒಣಗಿದ್ದು ಹಾಕಿ, ನೆಲದ ಚಳಿ ತಾಗದಂತೆ ಕೆಳಗೆ ಚಾಪೆ ಹಾಸಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಿ. ಕೈಕಾಲು ಉಜ್ಜಬೇಡಿ. ಮದ್ಯ ಕೊಡಲೇಬೇಡಿ, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಕಳಿಸುತ್ತದೆ. ಮತ್ತು ಮುಚ್ಚಿದ ಗುಡಾರದೊಳಗೆ ಒಲೆಯಾಗಲಿ ಇದ್ದಿಲಾಗಲಿ ಉರಿಸಬೇಡಿ. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಈ ಮಾತು ಹಿಮಾಲಯಕ್ಕೆ ಹೋಗದೆ ಸಖೀರಿನಲ್ಲೇ ಗುಡಾರ ಹಾಕುವವರಿಗೂ ಅನ್ವಯಿಸುತ್ತದೆ ಎಂಬುದನ್ನು ತಾಯಂದಿರು ದಯವಿಟ್ಟು ಗಮನಿಸಬೇಕು.

ಗಲ್ಫ್ ಕನ್ನಡಿಗರಿಗೆಂದೇ ಎರಡು ಮಾತು ಉಳಿದಿವೆ. ಮೊದಲನೆಯದು ರಜೆ. ನಮ್ಮದು ಸಮುದ್ರ ಮಟ್ಟದ ಬದುಕು, ಎಣಿಸಿದ ದಿನಗಳ ರಜೆ, ಮೊದಲೇ ಕಾದಿರಿಸಿದ ವಿಮಾನ. ಮೂರು ಸಾವಿರ ಮೀಟರಿನ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ನಿಲ್ಲಬೇಕು ಎನ್ನುವುದು ವೈದ್ಯರ ಸಲಹೆ. ಹತ್ತು ದಿನದ ರಜೆಯಲ್ಲಿ ಅಜ್ಜಿ ಮನೆ, ಮದುವೆ, ಧರ್ಮಸ್ಥಳ ಎಲ್ಲ ಕಳೆದು ಉಳಿದ ಐದು ದಿನಕ್ಕೆ ಬೆಟ್ಟ ತುರುಕಿದರೆ ಮೊದಲು ಕತ್ತರಿ ಬೀಳುವುದು ಈ ವಿಶ್ರಾಂತಿಯ ದಿನಕ್ಕೆ. ಇಳಿಯುವ ದಿನ ಹವಾಮಾನ ಕೆಟ್ಟರೆ ಗುಡಾರದಲ್ಲೇ ಕುಳಿತು ಕಾಯುವುದು ಬುದ್ಧಿವಂತಿಕೆ ಎಂದು ಎಲ್ಲರಿಗೂ ಗೊತ್ತು. ಆದರೆ ಮರುದಿನ ದೆಹಲಿಯಿಂದ ಬಹರೈನಿಗೆ ವಿಮಾನ, ಅದರ ಮರುದಿನ ಕಚೇರಿ ಎಂದಿದ್ದರೆ ಯಾರು ಕಾಯುತ್ತಾರೆ? ಆದ್ದರಿಂದ ಟಿಕೆಟ್ ತೆಗೆಯುವಾಗಲೇ ಬೆಟ್ಟಕ್ಕೆ ಎರಡು ಖಾಲಿ ದಿನ ಇಡಿ, ಒಂದಿಷ್ಟು ಹಣ ಹೆಚ್ಚಾದರೂ ದಿನಾಂಕ ಬದಲಿಸಬಹುದಾದ ಟಿಕೆಟ್ ತೆಗೆಯಿರಿ. ಊರಿನ ಮದುವೆಯನ್ನು ಬೆಟ್ಟದ ಹಿಂದೆ ಅಲ್ಲ, ಮುಂದೆ ಇಟ್ಟುಕೊಳ್ಳಿ. ಇನ್ನೊಂದು, ತಿರುಗುವ ಹೊತ್ತನ್ನು ಕೆಳಗಿರುವಾಗಲೇ ಬರೆದಿಡಿ. ಹನ್ನೆರಡು ಗಂಟೆ ಎಂದು ಬರೆದರೆ ತುದಿ ಇನ್ನೂರು ಹೆಜ್ಜೆ ದೂರವಿದ್ದರೂ ಹನ್ನೆರಡಕ್ಕೆ ತಿರುಗಬೇಕು. ಹಿಂದಕ್ಕೆ ಬರುವ ಯೋಜನೆ ಸಿದ್ಧವಿಲ್ಲದೆ ಹೊಸ ತಂತ್ರಾಂಶವನ್ನು ನಾವು ಲೈವ್ ಮಾಡುವುದಿಲ್ಲ ತಾನೇ?

ಎರಡನೆಯದು ಉಪಗ್ರಹ ಫೋನ್. ಇಲ್ಲಿ ಗಲ್ಫ್‌ನಲ್ಲಿ ತುರಾಯಾ ಫೋನುಗಳು, ಗಾರ್ಮಿನ್ ಇನ್‌ರೀಚ್‌ನಂಥ ಸಂದೇಶ ಉಪಕರಣಗಳು ಸುಲಭವಾಗಿ ಸಿಗುತ್ತವೆ. ಮಗ ಒಬ್ಬನೇ ಹೋಗುತ್ತಾನಲ್ಲ ಎಂದು ಅಕ್ಕರೆಯಿಂದ ಕೊಡಿಸಿ ಕಳಿಸುವ ಮೊದಲು ಇದನ್ನು ತಿಳಿದಿರಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇವನ್ನು ಇಟ್ಟುಕೊಳ್ಳುವುದು ಅಪರಾಧ. 2024ರ ಡಿಸೆಂಬರಿನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಇಂಥ ಉಪಕರಣ ಇದ್ದ ಕಾರಣಕ್ಕೆ ಕೆನಡಾದ ಓಟಗಾರ್ತಿಯೊಬ್ಬರನ್ನು ತಡೆದು ಪ್ರಕರಣ ದಾಖಲಿಸಲಾಗಿತ್ತು. 2025ರ ಆರಂಭದಲ್ಲಿ ನಾಗರಿಕ ವಿಮಾನಯಾನ ನಿರ್ದೇಶನಾಲಯವು ಪ್ರಯಾಣಿಕರಿಗೆ ಈ ಬಗ್ಗೆ ಎಚ್ಚರಿಕೆ ಕೊಡಬೇಕೆಂದು ವಿಮಾನ ಸಂಸ್ಥೆಗಳಿಗೆ ಸೂಚಿಸಿತು. ಆಲ್ಪ್ಸ್‌ನಲ್ಲಿ ಜೀವ ಉಳಿಸುವ ಪೆಟ್ಟಿಗೆ ನಮ್ಮ ಊರಿನ ವಿಮಾನ ನಿಲ್ದಾಣದಲ್ಲಿ ಪೊಲೀಸ್ ಠಾಣೆಗೆ ದಾರಿಯಾದೀತು.

ಹಾಗಾದರೆ ಹಿಮಾಲಯದಲ್ಲಿ ಒಬ್ಬನೇ ಇರುವವನು ಸುದ್ದಿ ಮುಟ್ಟಿಸುವುದು ಹೇಗೆ? ಹಳೆಯ ಕಾಲದ ಕಾಗದವೇ ಗತಿ. ಯಾವ ಹಳ್ಳಿಯಿಂದ ಹತ್ತುವುದು, ಎಲ್ಲೆಲ್ಲಿ ಮಲಗುವುದು, ಯಾವ ಏಣು ಹಿಡಿದು ಇಳಿಯುವುದು, ಗುಡಾರದ ಬಣ್ಣ ಏನು, ಯಾವ ದಿನ ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಹುಡುಕಲು ಹೇಳಬೇಕು, ಇಷ್ಟನ್ನು ಬರೆದು ಒಂದು ಪ್ರತಿಯನ್ನು ಮನೆಯಲ್ಲಿ, ಇನ್ನೊಂದನ್ನು ಕೊನೆಯ ಹಳ್ಳಿಯ ವಸತಿಗೃಹದವರ ಕೈಯಲ್ಲಿ ಕೊಟ್ಟು ಹೋಗಬೇಕು. ಮನೆಯವರೂ ಆ ಗಂಟೆ ಮೀರಿದ ಮೇಲೆ "ಬರ್ತಾನೆ ಬಿಡು" ಎಂದು ಕಾಯಬಾರದು. ಭಾರತದ ತುರ್ತು ಸಂಖ್ಯೆ 112, ಆದರೆ ಹೊರದೇಶದಿಂದ ಅದಕ್ಕೆ ಕರೆ ಹೋಗುವುದಿಲ್ಲ. ಆದ್ದರಿಂದ ಆ ಜಿಲ್ಲೆಯ ವಿಪತ್ತು ನಿರ್ವಹಣಾ ಕೇಂದ್ರದ ಪೂರ್ಣ ದೂರವಾಣಿ ಸಂಖ್ಯೆಯನ್ನು ಮೊದಲೇ ಹುಡುಕಿ ಕಾಗದದಲ್ಲಿ ಬರೆದಿಡಿ. ಊರಿನಲ್ಲಿರುವ ಅಣ್ಣ, ಚಿಕ್ಕಪ್ಪ ಯಾರಿಗಾದರೂ ಅದೇ ಪ್ರತಿ ಕಳಿಸಿ. ನಡುರಾತ್ರಿ ಅವಾಲಿಯಲ್ಲಿ ಕುಳಿತು ಡೆಹ್ರಾಡೂನಿನ ಸಂಖ್ಯೆ ಹುಡುಕುವ ಪರಿಸ್ಥಿತಿ ಯಾವ ತಾಯಿಗೂ ಬೇಡ.

ಹಾಗೆಯೇ ಚೀಲದ ಪಟ್ಟಿಗೆ ಒಂದು ಸೀಟಿ ಕಟ್ಟಿಕೊಳ್ಳಿ. ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಸಲ ಊದುವುದು ಬೆಟ್ಟಗಳಲ್ಲಿ ಬಳಸುವ ಅಪಾಯದ ಸಂಕೇತ. ರಾತ್ರಿಯಾದರೆ ಟಾರ್ಚಿನಿಂದ ಹೀಗೆಯೇ ಆರು ಸಲ ಬೆಳಕು ಬಿಡಬಹುದು. ನಿಮಿಷಕ್ಕೆ ಮೂರು ಸಲ ಉತ್ತರ ಬಂದರೆ ಯಾರೋ ಕೇಳಿಸಿಕೊಂಡಿದ್ದಾರೆ ಎಂದು ತಿಳಿಯಿರಿ, ಇದ್ದಲ್ಲೇ ಇರಿ.